ವೈದ್ಯ ಜೇಮ್ಸ್ ಪಾರ್ಕಿನ್ಸನ್

ಮನೆಯ ಹಿರಿಯರೊಬ್ಬರು ಸುಮ್ಮನೆ ಕುಳಿತಿರುವಾಗ ಅವರ ಬೆರಳುಗಳು ತಾವಾಗಿ ನಡುಗುತ್ತವೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ, ಹೆಜ್ಜೆ ಕಿರಿದಾಗುತ್ತದೆ. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಾಗಿಬಿಡುತ್ತೇವೆ. ಕೆಲವು ವೇಳೆ ಅವರ ನಿಧಾನಕ್ಕೆ ಸಿಡಿಮಿಡಿಗೊಳ್ಳುವುದೂ ಉಂಟು. ಇದು ಬರಿಯ ಮುಪ್ಪಲ್ಲ, ರೋಗವೆಂದು ಪಾಶ್ಚಾತ್ಯ ವೈದ್ಯಲೋಕಕ್ಕೆ ವಿಶದವಾಗಿ ತಿಳಿಸಿಕೊಟ್ಟವನು ಜೇಮ್ಸ್ ಪಾರ್ಕಿನ್ಸನ್.

ಆತನು 1755ನೆಯ ಇಸವಿ ಏಪ್ರಿಲ್ 11ರಂದು ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿ ಜನಿಸಿದನು. ತಂದೆಯೂ ವೈದ್ಯನೇ. ಮಗನು ತಂದೆಯ ಬಳಿಯಲ್ಲಿಯೇ ಕೆಲಸ ಕಲಿತು, 1784ರಲ್ಲಿ ಶಸ್ತ್ರವೈದ್ಯನೆಂಬ ಮನ್ನಣೆ ಪಡೆದು, ಹುಟ್ಟಿದ ಪ್ರದೇಶದಲ್ಲಿಯೇ ಬಾಳೆಲ್ಲ ಕಳೆದನು.

ಔಷಧದ ಬುಡ್ಡಿಗಳ ನಡುವೆ ಮಾತ್ರ ಇದ್ದ ಮನುಷ್ಯನಲ್ಲ ಆತ. ಬಡವರಿಗೂ ಮತದ ಹಕ್ಕು ಬೇಕೆಂದು ವಾದಿಸುವವರ ಸಂಘವನ್ನು ಸೇರಿ, ಗುಪ್ತನಾಮದಿಂದ ಕಿರುಹೊತ್ತಗೆಗಳನ್ನು ಬರೆದನು. 1794ರಲ್ಲಿ, ದೊರೆ ಮೂರನೆಯ ಜಾರ್ಜನನ್ನು ವಿಷದ ಬಾಣದಿಂದ ಕೊಲ್ಲಲು ಸಂಚು ನಡೆದಿದೆಯೆಂದು ಸರ್ಕಾರ ಕೆಲವರನ್ನು ಹಿಡಿದಾಗ, ಪಾರ್ಕಿನ್ಸನ್ ದೊರೆಯ ಮಂತ್ರಾಲೋಚನಾ ಸಭೆಯ ಮುಂದೆ ನಿಂತು ಸಾಕ್ಷ್ಯ ನುಡಿಯಬೇಕಾಯಿತು. ಆ ಗುಪ್ತನಾಮ ತನ್ನದೇ ಎಂದು ಅಲ್ಲಿ ಒಪ್ಪಿಕೊಂಡನು. ಕಲ್ಲಾಗಿ ಉಳಿದ ಪ್ರಾಚೀನ ಜೀವಿಗಳ ಕುರುಹುಗಳನ್ನು ಕೂಡಿಸುವುದು ಆತನ ಇನ್ನೊಂದು ಹವ್ಯಾಸ. ಆ ವಿಷಯವಾಗಿ 1804ರಿಂದ 1811ರವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದನು. 1807ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬನಾದನು.

ಆತನ ಹೆಸರನ್ನು ಉಳಿಸಿದುದು ಮಾತ್ರ 1817ರಲ್ಲಿ ಹೊರಬಂದ 66 ಪುಟಗಳ ಒಂದು ಪುಟ್ಟ ಪುಸ್ತಕ. ಅದರಲ್ಲಿರುವುದು ಆರು ಮಂದಿಯ ವಿವರ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು; ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೆ. ನಾವು ದಿನವೂ ಕಂಡು ಮುಂದೆ ಸಾಗುವ ಜನರನ್ನು ಆತನು ನಿಂತು ನೋಡಿದನು. ವಿಶ್ರಾಂತಿಯಲ್ಲಿಯೂ ನಿಲ್ಲದ ನಡುಕ, ಮುಂದಕ್ಕೆ ಬಾಗಿದ ಮೈ, ನಡಿಗೆ ತಾನೇ ಓಟವಾಗುವ ಪರಿ, ಇವೆಲ್ಲ ಒಂದೇ ರೋಗದ ಲಕ್ಷಣಗಳೆಂದು ಗುರುತಿಸಿದನು. ಮೂಲವು ಕತ್ತಿನ ಭಾಗದ ಬೆನ್ನುಹುರಿಯಲ್ಲಿದೆಯೆಂಬ ಆತನ ಊಹೆ ತಪ್ಪಾಯಿತು. ಆದರೆ ಅದು ಊಹೆಯೆಂದು ಮುಚ್ಚುಮರೆಯಿಲ್ಲದೆ ಹೇಳಿ, ದೇಹವನ್ನು ಕೊಯ್ದು ಪರೀಕ್ಷಿಸಬಲ್ಲವರು ಮುಂದುವರಿಸಲೆಂದು ಬಿನ್ನವಿಸಿಕೊಂಡನು.

1824ರ ಡಿಸೆಂಬರ್ 21ರಂದು ಆತನು ತೀರಿಕೊಂಡನು. ಆತನದೆಂದು ನಂಬಬಹುದಾದ ಒಂದು ಚಿತ್ರವೂ ನಮಗೆ ಉಳಿದಿಲ್ಲ. ಹಲವು ದಶಕಗಳ ಮೇಲೆ ಫ್ರಾನ್ಸಿನ ಶಾರ್ಕೋ ಎಂಬ ವೈದ್ಯನು ಆ ರೋಗಕ್ಕೆ ಪಾರ್ಕಿನ್ಸನ್ನನ ಹೆಸರನ್ನು ಸಲ್ಲಿಸಿದನು.

ಮೂಲವಿರುವುದು ಮಿದುಳಿನಲ್ಲಿ. ನಡುಮಿದುಳಿನ ಕಪ್ಪು ಬಣ್ಣದ ಒಂದು ಪುಟ್ಟ ಭಾಗದಿಂದ ನರತಂತುಗಳು ಮಿದುಳಿನ ಒಳಗಿನ ಗಂಟುಗಳಿಗೆ ಹೋಗಿ, ಡೋಪಮೀನ್ ಎಂಬ ರಸದ ಮೂಲಕ ಸಂದೇಶ ಮುಟ್ಟಿಸುತ್ತವೆ. ಯಾವ ಚಲನೆಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಹತೋಟಿ ಈ ದಾರಿಯಲ್ಲಿದೆ. ಆ ಜೀವಕೋಶಗಳು ಸಾಯುತ್ತ ಬಂದಂತೆ ಲಗಾಮು ತಪ್ಪುತ್ತದೆ: ಬೇಡದ ನಡುಕ ಬರುತ್ತದೆ, ಬೇಕಾದ ಚಲನೆ ಬರಲೊಲ್ಲದು. ಕಪ್ಪು ಭಾಗದ ಹಾನಿಯನ್ನು 1919ರಲ್ಲಿ ಟ್ರೆಟಿಯಾಕಾಫನೂ, ಡೋಪಮೀನ್ ಕೊರತೆಯನ್ನು 1960ರಲ್ಲಿ ವಿಯೆನ್ನಾದ ವಿಜ್ಞಾನಿಗಳೂ ತೋರಿಸಿಕೊಟ್ಟರು. ಡೋಪಮೀನ್ ರಕ್ತದಿಂದ ಮಿದುಳಿಗೆ ದಾಟದು. ಅದರ ಮೂಲದ್ರವ್ಯವಾದ ಲೆವೊಡೋಪಾ ದಾಟುತ್ತದೆ. 1960ರ ದಶಕದಲ್ಲಿ ಅದೇ ಔಷಧವಾಯಿತು.

ಈ ಕಥೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಆಯುರ್ವೇದಕ್ಕೆ ಕಂಪವಾತ ಪರಿಚಿತ. ಹಳ್ಳಿಯಲ್ಲಿ ಬೆಳೆದವರಿಗೆ ನಸುಗುನ್ನಿಯ ತುರಿಕೆ ಮರೆಯುವಂತಹುದಲ್ಲ. ಆ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಉಂಟು! ಮದರಾಸು ವಿಶ್ವವಿದ್ಯಾನಿಲಯದ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ ವರದಿ 1937ರಲ್ಲಿ ಪ್ರಕಟವಾಯಿತು. ಹಾಗೆಂದು ಬೀಜವನ್ನು ಮನೆಯಲ್ಲಿ ಅರೆದು ಕೊಡುವುದು ತರವಲ್ಲ. ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು.

ಈ ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಆದರೆ ನಡುಕ, ಬಿಗಿತ, ನಿಧಾನಗಳನ್ನು ಹಿಡಿತಕ್ಕೆ ತಂದು ವರುಷಗಟ್ಟಲೆ ನೆಮ್ಮದಿ ಕೊಡುವ ಚಿಕಿತ್ಸೆ ಇದೆ. ಊರುಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮುದುಕರಿಗೆ ಮಾತಿನ ಜೊತೆ ಕಡಿಮೆ. ತಮ್ಮ ಕಷ್ಟವನ್ನು ಅವರು ತಾವಾಗಿ ಹೇಳಿಕೊಳ್ಳಲಾರರು. ನಾವೇ ನೋಡಬೇಕು. ಹಾಕ್ಸ್‌ಟನ್ನಿನ ಆ ವೈದ್ಯನು ಬೀದಿಯಲ್ಲಿ ಕಂಡ ಅಪರಿಚಿತರಿಗೆ ಕೊಟ್ಟ ಗಮನವನ್ನು ನಮ್ಮ ಮನೆಯ ಹಿರಿಯರಿಗೆ ನಾವು ಕೊಟ್ಟರೆ, ಆತನನ್ನು ನೆನೆದುದು ಸಾರ್ಥಕವಾದೀತು.