ಕೊನೇ ಸಾಲಿನವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿದ ತಿರುಮಕೂಡಲು ಚೌಡಯ್ಯ

ಟಿ.ನರಸೀಪುರ: ನಂಜನಗೂಡು ಮುಟ್ಟಿಕೊಂಡು ಬರೋ ಕಪಿಲೆ ಕಾವೇರಿಗೆ ಸೇರುವ ಜಾಗ ತಿರುಮಕೂಡಲು. ಕುಂಭಮೇಳಕ್ಕೆ ಬಂದವರೆಲ್ಲ ಇಲ್ಲಿ ಮುಳುಗು ಹಾಕಿ, ಅಗಸ್ತ್ಯೇಶ್ವರನಿಗೆ ಕೈಮುಗಿದು ಹೋಗ್ತಾರೆ. ಇದೇ ಊರಲ್ಲಿ 1895ರ ಜನವರಿ 1ರಂದು ಒಂದು ಗಂಡು ಮಗು ಹುಟ್ಟಿತು. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಊರ ದೇವರ ಹೆಸರು ಅಪ್ಪನಿಗೆ ಬಂದಿತ್ತು, ಊರಿನ ಹೆಸರನ್ನು ಮಗ ದೇಶಕ್ಕೆಲ್ಲ ಕೊಂಡೊಯ್ದ. ಆತನೇ ಪಿಟೀಲು ಚೌಡಯ್ಯ.

ಗೌಡರ ಮನೆ ಹುಡುಗ ಸಂಗೀತ ಕಲಿಯಲು 1910ರಲ್ಲಿ ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರ ಪಾದ ಹಿಡಿದ. ಕೃಷ್ಣಪ್ಪನವರು ಹಾಡುಗಾರರು. ಹಾಗಾಗಿ ಚೌಡಯ್ಯನವರ ಪಿಟೀಲಿಗೆ ಮೊದಲಿಂದಲೂ ಹಾಡೋ ಗಂಟಲೇ ಅಳತೆಗೋಲು. ಗಂಟಲಲ್ಲಿ ಇರುವುದೆಲ್ಲ ಕಮಾನಿನಲ್ಲೂ ಬರಬೇಕಿತ್ತು. ಎಂಟು ವರ್ಷ ಗುರುಗಳ ಬಳಿ ಪಳಗಿದ ಮೇಲೆ ಪಕ್ಕವಾದ್ಯಕ್ಕೆ ಕರೆ ಬರತೊಡಗಿತು.

ತೊಡಕು ಶುರುವಾದದ್ದು ಅಲ್ಲೇ. ಆಗ ಕಛೇರಿಗೆ ಮೈಕು ಇರಲಿಲ್ಲ. ಚೆಂಬೈ ವೈದ್ಯನಾಥ ಭಾಗವತರಂಥವರು ಬಾಯಿ ತೆರೆದರೆ ಚಪ್ಪರದ ಆಚೆಗೂ ಕೇಳುತ್ತಿತ್ತು, ಮೃದಂಗವೂ ಕೇಳುತ್ತಿತ್ತು. ನಡುವೆ ಕೂತ ಪಿಟೀಲು ಮಾತ್ರ ಮುಂದಿನ ನಾಲ್ಕು ಸಾಲು ದಾಟುತ್ತಿರಲಿಲ್ಲ. ಅದರಲ್ಲೂ ಮಂದ್ರಕ್ಕೆ ಇಳಿದರೆ ಮುಗಿದೇ ಹೋಯಿತು. ಗಂಡಸು ಹಾಡುಗಾರರ ಶ್ರುತಿ ತಗ್ಗು. ಆ ಶ್ರುತಿಗೆ ಕೂಡಿಸಲು ತಂತಿ ಸಡಿಲ ಮಾಡಬೇಕು, ಸಡಿಲ ತಂತಿಯ ನಾದ ತೆಳು. ಜೋರು ಬರಲಿ ಅಂತ ಕಮಾನನ್ನು ಒತ್ತಿದರೆ ನಾದದ ಬದಲು ಕರಕರ ಸದ್ದು.

ಕೊಳಲು ಊದುವವರಿಗೂ ಈ ಪಾಡು ಚೆನ್ನಾಗಿ ಗೊತ್ತು. ಕೆಳಗಿನ ಸ್ವರ ದೊಡ್ಡದಾಗಿ ಕೇಳಲಿ ಅಂತ ಜೋರಾಗಿ ಊದಿದರೆ ಕೊಳಲು ಹಟಕ್ಕೆ ಬಿದ್ದಂತೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಮಂದ್ರಕ್ಕೆ ಬೇಕಾದ್ದು ತುಂಬಿದ, ನಿಧಾನದ ಉಸಿರು, ಬೆರಳು ರಂಧ್ರವನ್ನು ಪೂರ್ತಿ ಮುಚ್ಚಿರಬೇಕು. ಅಷ್ಟಾದರೂ ಗಿಡ್ಡ ಕೊಳಲಿಗೆ ಒಂದು ಮಿತಿ ಉಂಟು. ಅದಕ್ಕೇ ಉತ್ತರದಲ್ಲಿ ಪನ್ನಾಲಾಲ್ ಘೋಷ್ ಉದ್ದನೆ ಬಾನ್ಸುರಿಯನ್ನೇ ಮಾಡಿಸಿಕೊಂಡರು. ಕೈಚಳಕದಿಂದ ಆಗದ್ದಕ್ಕೆ ವಾದ್ಯವನ್ನೇ ಬದಲಿಸುವ ದಾರಿ ಅದು. ಚೌಡಯ್ಯನವರು ಪಿಟೀಲಿನಲ್ಲಿ ಹಿಡಿದದ್ದೂ ಅದೇ ದಾರಿ.

1927ರ ಹೊತ್ತಿಗೆ ಅವರ ಪಿಟೀಲಿನಲ್ಲಿ ನಾಲ್ಕರ ಬದಲು ಏಳು ತಂತಿ. ಇದ್ದ ತಂತಿಗಳ ಪಕ್ಕದಲ್ಲೇ ಮೂರು ಜೊತೆ ತಂತಿ. ಒಂದು ಬೆರಳು ಎರಡನ್ನೂ ಒತ್ತುತ್ತದೆ, ಒಂದು ಕಮಾನು ಎರಡನ್ನೂ ಸವರುತ್ತದೆ. ಒಬ್ಬ ಹಾಡಿದ ಕಡೆ ಇಬ್ಬರು ದನಿಗೂಡಿಸಿದ ಹಾಗೆ ನಾದ ತುಂಬಿಕೊಂಡಿತು.

ಹೇಳೋಕೆ ಸುಲಭ. ಜೋಡಿ ತಂತಿಯಲ್ಲಿ ಒಂದು ಕೂದಲೆಳೆ ತಪ್ಪಿದರೂ ಸ್ವರ ನಡುಗುತ್ತದೆ. ನಾಲ್ಕು ಬಿರಡೆ ತಿರುವಿ ಶ್ರುತಿ ಮಾಡೋದೇ ಕಷ್ಟ, ಇಲ್ಲಿ ಏಳು. ಬಿಸಿಲು, ಶೆಕೆಗೆ ತಂತಿ ಇಳಿಯೋದು ಬೇರೆ. ತಂತಿ ಹೊರುವ ಕುದುರೆಯ ಮೇಲೂ, ಅದರ ಕೆಳಗಿನ ತೆಳು ಹಲಗೆಯ ಮೇಲೂ ಹೆಚ್ಚಿನ ಭಾರ. ಸಾಧಾರಣ ವಿದ್ವಾಂಸರಾಗಿದ್ದರೆ ನಾಲ್ಕು ದಿನಕ್ಕೆ ಬಿಚ್ಚಿ ಹಾಕ್ತಿದ್ದರು. ಇವರು ಅದರಲ್ಲೇ ಸಾಧನೆ ಮಾಡಿದರು, ಕಡೇವರೆಗೂ ಅದನ್ನೇ ನುಡಿಸಿದರು.

ಚೆಂಬೈ ಹಾಡು, ಚೌಡಯ್ಯ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ. ಈ ಮೂವರು ಕೂತರೆ ದಕ್ಷಿಣದಲ್ಲೆಲ್ಲ ಜನ ಸೇರುತ್ತಿದ್ದರು. ಮದರಾಸಿನ ಸಭೆಗಳಲ್ಲಿ ಮೈಸೂರು ಚೌಡಯ್ಯ ಅಂತಲೇ ಹೆಸರು. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು, 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪದವಿ ಬಂತು. ನಡುವೆ ಸಿನಿಮಾ ಗೀಳೂ ಹತ್ತಿತ್ತು. 1943ರ ‘ವಾಣಿ’ ಕನ್ನಡ ಚಿತ್ರ ಅವರದೇ ನಿರ್ಮಾಣ, ನಟಿ ಪಂಢರೀಬಾಯಿ ತೆರೆಗೆ ಬಂದದ್ದು ಅದರಲ್ಲೇ. ಮೈಸೂರಲ್ಲಿ ಅಯ್ಯನಾರ್ ಹೆಸರಿನ ಸಂಗೀತ ಶಾಲೆ ತೆರೆದರು.

ಕೃತಿ ಕಟ್ಟುವಾಗ ತಮ್ಮ ಅಂಕಿತವನ್ನಾಗಿ ಇಟ್ಟುಕೊಂಡದ್ದು ‘ತ್ರಿಮಕುಟ’. ತಿರುಮಕೂಡಲಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಏಳು ತಂತಿಯ ಬಗ್ಗೆ ಮೂಗು ಮುರಿದವರೂ ಇದ್ದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಜೋಡಿ ತಂತಿಯಲ್ಲಿ ದಪ್ಪ ಬಂದಷ್ಟು ನಯ ಉಳಿಸಿಕೊಳ್ಳುವುದು ಎಲ್ಲರ ಕೈಲಿ ಆಗುವ ಕೆಲಸವಲ್ಲ. ಅಷ್ಟರಲ್ಲಿ ಸಭೆಗಳಿಗೆ ಮೈಕು ಬಂತು. ನಾಲ್ಕು ತಂತಿಯ ಸಣ್ಣ ದನಿಯೂ ಕೊನೇ ಸಾಲು ಮುಟ್ಟತೊಡಗಿತು. ಯಾವ ತೊಂದರೆ ನೀಗಲು ಚೌಡಯ್ಯ ಅಷ್ಟು ಒದ್ದಾಡಿದರೋ ಅದನ್ನು ಒಂದು ವಯರು ಬಗೆಹರಿಸಿತು. ಆದರೆ ಮೈಕು ದನಿಯನ್ನು ದೊಡ್ಡದು ಮಾಡೀತು, ಎರಡು ತಂತಿ ಒಟ್ಟಿಗೆ ಮಿಡಿಯುವ ತುಂಬು ನಾದವನ್ನು ತಂದುಕೊಡದು. ಹಳೇ ರೆಕಾರ್ಡು ಹಾಕಿ ಕೇಳಿದರೆ ಈ ವ್ಯತ್ಯಾಸ ಇವತ್ತಿಗೂ ಕಿವಿಗೆ ಬೀಳುತ್ತದೆ. ಅವರ ನಂತರ ಆ ವಾದ್ಯ ಹಿಡಿದವರು ಬೆರಳೆಣಿಕೆ.

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕೆ.ಕೆ. ಮೂರ್ತಿಯವರು ಮುಂದೆ ನಿಂತು ಕಟ್ಟಿಸಿದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ಇದೆ. ಬಿರಡೆ, ಕುದುರೆ, ಕಮಾನು ಎಲ್ಲ ಉಂಟು. ನಾಟಕ, ಕಛೇರಿಗೆ ಅಂತ ನಮ್ಮ ಕಡೆಯವರು ಅಲ್ಲಿಗೆ ಹೋದರೆ ಒಳಗೆ ಹೋಗುವ ಮುಂಚೆ ಒಮ್ಮೆ ತಲೆಯೆತ್ತಿ ತಂತಿ ಎಣಿಸಬಹುದು. ಏಳಿವೆ.