ಬಸರೂರಿಗೆ ಬಂದ ರೋಮಿನ ಯಾತ್ರಿಕ

ನಮ್ಮ ಕುಂದಾಪುರದ ನೆರೆಯ ಬಸರೂರನ್ನು ಕಂಡುಹೋದ ಪರದೇಶಿಗಳಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಒಬ್ಬನು. 1586ರಲ್ಲಿ ರೋಮಿನ ಸಿರಿವಂತ ಮನೆತನದಲ್ಲಿ ಹುಟ್ಟಿದ ಇವನು ದೇಶ ಸುತ್ತುತ್ತ ಬಾಗ್ದಾದಿನಲ್ಲಿ ಮಾನಿ ಎಂಬವಳನ್ನು ಮದುವೆಯಾದನು. 1621ರಲ್ಲಿ ಪರ್ಷಿಯಾದಲ್ಲಿ ಅವಳು ತೀರಿಕೊಂಡಳು. ಪರನಾಡಿನ ಮಣ್ಣಿಗೆ ಒಪ್ಪಿಸಲು ಮನಸ್ಸು ಬಾರದೆ, ಅವಳ ಶವವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ತನ್ನೊಡನೆ ಭಾರತಕ್ಕೂ ತಂದನು.

1623ರಲ್ಲಿ ಇಲ್ಲಿಗೆ ಬಂದವನಿಗೆ ಕಂಡದ್ದೆಲ್ಲವೂ ಸೋಜಿಗ. ತುಟಿಗೆ ತಾಗಿಸದೆ ನೀರನ್ನು ಎತ್ತಿ ಕುಡಿಯುವ ನಮ್ಮ ರೂಢಿಯನ್ನು ಅಭ್ಯಾಸ ಮಾಡಿದನು. ಗೆಳೆಯರು ಕೂಡಿ ಹಾಗೆ ಕುಡಿಯುವಾಗ ಗುರಿ ತಪ್ಪಿದವನ ಎದೆ ತೋಯುತ್ತಿತ್ತು, ಇಲ್ಲವೆ ಕೆಮ್ಮು ಹತ್ತುತ್ತಿತ್ತು. ಉಳಿದವರಿಗೆ ನಗೆಯೋ ನಗೆ!

ಇಕ್ಕೇರಿಯ ದಾರಿಯ ಒಂದು ಗುಡಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಪಾಠ ಹೇಳುವುದನ್ನು ನಿಂತು ನೋಡಿದನು. ಘಟ್ಟವಿಳಿದು, ಬಸರೂರನ್ನು ಹಾದು ಮಂಗಳೂರು ಸೇರಿದನು. ಉಳ್ಳಾಲದ ರಾಣಿ ಅವನಿಗೆ ಕಾಣಸಿಕ್ಕಿದ್ದು ಸಿಂಹಾಸನದ ಮೇಲಲ್ಲ, ಬರಿಗಾಲಲ್ಲಿ ಕಾಲುವೆಯ ಕೆಲಸ ಮಾಡಿಸುತ್ತಿದ್ದಲ್ಲಿ.

1626ರಲ್ಲಿ ರೋಮಿಗೆ ಮರಳಿ, ಮರುವರ್ಷ ಹೆಂಡತಿಯನ್ನು ತನ್ನ ಹಿರಿಯರ ಸಮಾಧಿಯಲ್ಲಿ ಮಣ್ಣುಮಾಡಿದನು. 1652ರಲ್ಲಿ ತಾನೂ ಕಣ್ಮುಚ್ಚಿದನು.

ಅಷ್ಟು ದುಃಖ ಹೊತ್ತವನು ನಗುವುದನ್ನೂ ಕಲಿಯುವುದನ್ನೂ ಬಿಡಲಿಲ್ಲ. ಮರಳಿನ ಅಂಕಿಗಳು ಅಂದೇ ಅಳಿದವು. ಹೆಸರಿಲ್ಲದ ಆ ಮಕ್ಕಳ ಓದು ಮಾತ್ರ ಅವನ ಕಾಗದಗಳಲ್ಲಿ ಉಳಿದುಕೊಂಡಿದೆ.