ಬೆಳಗಾವಿ–ಹುಬ್ಬಳ್ಳಿ ವಿಮಾನ 9 ನಿಮಿಷವೇ? ದಾರಿಯಲ್ಲಿ ಸಿಗುವ ರಾಣಿ ಚೆನ್ನಮ್ಮನ ಬದುಕು

ಬೆಳಗಾವಿಯಿಂದ ಹುಬ್ಬಳ್ಳಿಗೆ ವಿಮಾನದಲ್ಲಿ 9 ನಿಮಿಷ ಸಾಕು ಎಂಬ ಲೆಕ್ಕ ನಿಮ್ಮ ಫೋನಿಗೂ ಬರಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನರಿಗೆ ಹತ್ತಿರದ ನಿಲ್ದಾಣಗಳು ಇವೆರಡೇ. ಬೆಳಗಾವಿ ನಿಲ್ದಾಣಕ್ಕೆ ಕಿತ್ತೂರು ರಾಣಿ ಚೆನ್ನಮ್ಮ, ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣನ ಹೆಸರಿಡಬೇಕೆಂದು ಕರ್ನಾಟಕ ವಿಧಾನಸಭೆ 2023ರ ಡಿಸೆಂಬರ್‌ನಲ್ಲಿ ನಿರ್ಣಯ ಮಾಡಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಹಾಗಾಗಿ ನಾವಿಲ್ಲಿ ದೂರವನ್ನೂ ರಾಣಿಯ ಬದುಕನ್ನೂ ಒಟ್ಟಿಗೇ ನೋಡೋಣ.

9 ನಿಮಿಷ ಎಲ್ಲಿಂದ ಬಂತು?

ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 75 ಕಿ.ಮೀ. ಸಣ್ಣ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 9 ನಿಮಿಷ. ಆದರೆ ವಿಮಾನ ರನ್‌ವೇಗೆ ಹೋಗಬೇಕು, ಮೇಲೇರಬೇಕು, ವೇಗ ತಗ್ಗಿಸಿ ಇಳಿಯಬೇಕು. ಇಷ್ಟು ಕಡಿಮೆ ದೂರದಲ್ಲಿ ಪೂರ್ತಿ ವೇಗ ಸಿಗುವುದೇ ಕಷ್ಟ. 9 ನಿಮಿಷ ಎನ್ನುವುದು ಬರೀ ಭಾಗಾಕಾರದ ಉತ್ತರ, ಪ್ರಯಾಣದ ಸಮಯವಲ್ಲ.

ಆ ನೇರ ಗೆರೆಯ ಪಕ್ಕದಲ್ಲೇ ಕಿತ್ತೂರು ಇದೆ.

ಕಾಕತಿಯಿಂದ ಕಿತ್ತೂರಿಗೆ

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿ ಪಕ್ಕದ ಕಾಕತಿಯಲ್ಲಿ. ಕಿತ್ತೂರಿನ ದೊರೆ ಮಲ್ಲಸರ್ಜ ದೇಸಾಯಿಯನ್ನು ಮದುವೆಯಾಗಿ ಸುಮಾರು 45 ಕಿ.ಮೀ. ದೂರದ ಕಿತ್ತೂರಿಗೆ ಬಂದರು. 1816ರಲ್ಲಿ ಮಲ್ಲಸರ್ಜ ತೀರಿಕೊಂಡರು. 1824ರ ಸೆಪ್ಟೆಂಬರ್‌ನಲ್ಲಿ ಅವರ ಮಗ ಶಿವಲಿಂಗರುದ್ರಸರ್ಜನೂ ತೀರಿಕೊಂಡ. ದತ್ತುಮಗ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ.

ರೈಲು, ತಂತಿ ಎರಡೂ ಇಲ್ಲದ ಕಾಲ. ಸುಮಾರು 30 ಕಿ.ಮೀ. ದೂರದ ಧಾರವಾಡದಿಂದ ಕಲೆಕ್ಟರ್ ಥ್ಯಾಕರೆ ಬಂದು ಸಂಸ್ಥಾನದ ಖಜಾನೆಗೆ ಕಾವಲು ಹಾಕಿಸಿದ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಅವನು ಸತ್ತ, ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಕಂಪನಿ ದೊಡ್ಡ ಸೇನೆಯೊಂದಿಗೆ ಮರಳಿ ಬಂತು. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು.

ಡಾಲ್‌ಹೌಸಿ ನೀತಿಯಿಂದ ಕಿತ್ತೂರು ಹೋಯಿತೇ?

ಇಲ್ಲ. ಹಲವರು ಹೀಗೇ ಬರೆಯುತ್ತಾರೆ, ಆದರೆ ಇಸವಿ ಹೊಂದುವುದಿಲ್ಲ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಅಂದರೆ ಕಿತ್ತೂರಿನ ಕಾಳಗವಾಗಿ 24 ವರ್ಷಗಳ ನಂತರ. ದತ್ತುಮಕ್ಕಳ ಹಕ್ಕನ್ನು ತಳ್ಳಿಹಾಕಿ ರಾಜ್ಯ ನುಂಗುವ ಚಾಳಿ ಅವನಿಗಿಂತ ಮೊದಲೇ ಇತ್ತು. ಅದಕ್ಕೆ ಚೆನ್ನಮ್ಮ ಎದುರು ನಿಂತದ್ದು 1857ಕ್ಕಿಂತ 33 ವರ್ಷ ಮೊದಲು. ಡಾಲ್‌ಹೌಸಿಯ ಹೆಸರು ಸೇರಿಸಿದರೆ ಈ ಮುಂಚಿತನವೇ ಅಳಿಸಿಹೋಗುತ್ತದೆ.

ಬೈಲಹೊಂಗಲದ ಸೆರೆ

ಸೆರೆಸಿಕ್ಕ ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. ಅವರು ಅಲ್ಲೇ 1829ರ ಫೆಬ್ರವರಿಯಲ್ಲಿ ಕೊನೆಯುಸಿರೆಳೆದರು. ಸಮಾಧಿಯೂ ಅಲ್ಲೇ ಇದೆ. ಅಲ್ಲಿಂದ ಕಿತ್ತೂರಿಗೆ ನೇರ ದೂರ ಸುಮಾರು 25 ಕಿ.ಮೀ., ಮೇಲಿನದೇ ಲೆಕ್ಕದಲ್ಲಿ ವಿಮಾನಕ್ಕೆ 3 ನಿಮಿಷ. ಸೆರೆಯಲ್ಲಿದ್ದ ರಾಣಿ ನಾಲ್ಕು ವರ್ಷದಲ್ಲಿ ಆ ದೂರ ದಾಟಿ ಊರಿಗೆ ಮರಳಲಾಗಲಿಲ್ಲ.

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಶಿವಲಿಂಗಪ್ಪನಿಗೆ ಗಾದಿ ಕೊಡಿಸಲು ಹೋರಾಟ ಮುಂದುವರಿಸಿದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಫಾರ್ವರ್ಡ್ ಮಾಡುವ ಮುನ್ನ

ದೂರ 75 ಕಿ.ಮೀ. ಎಂಬುದು ಸರಿ. 9 ನಿಮಿಷ ಬರೀ ಲೆಕ್ಕ. ಡಾಲ್‌ಹೌಸಿಯ ಕಥೆ ತಪ್ಪು. ನಿಮ್ಮ ಮನೆಯ ಶಾಲಾಮಕ್ಕಳಿಗೆ 1824 ಮತ್ತು 1848, ಈ ಎರಡು ಇಸವಿ ಹೇಳಿಕೊಟ್ಟರೆ ಸಾಕು. ಮುಂದಿನ ತಪ್ಪು ಫಾರ್ವರ್ಡನ್ನು ಅವರೇ ಹಿಡಿಯುತ್ತಾರೆ.